ದೇಣಿಗೆಯ ಹಣದಿಂದಲೇ ಹಳೆಯ ಮರದ ಕಾಲುವೆ ದೋಣಿಯನ್ನು ಉಳಿಸಲು ಸಾಧ್ಯವೇ?

ಖಂಡಿತ ಸಾಧ್ಯ. 1914ರಲ್ಲಿ ಇಂಗ್ಲೆಂಡಿನ ರನ್‌ಕಾರ್ನ್‌ನಲ್ಲಿ ಕಟ್ಟಿದ 'ಹೇಝಲ್' ಎಂಬ ಸರಕು ದೋಣಿಯನ್ನು ಉಳಿಸಿದ್ದು ಮ್ಯಾಂಚೆಸ್ಟರ್ ಬಳಿಯ ಆಷ್ಟನ್-ಅಂಡರ್-ಲೈನ್‌ನ 'ವುಡನ್ ಕೆನಾಲ್ ಬೋಟ್ ಸೊಸೈಟಿ' ಎಂಬ ದತ್ತಿ ಸಂಸ್ಥೆ. ಸ್ವಯಂಸೇವಕರು ಕಾಲುವೆ ದಂಡೆಯ ಮನೆಗಳಿಂದ ಹಳೆಯ ಸಾಮಾನುಗಳನ್ನು ದೋಣಿಯಲ್ಲೇ ಸಂಗ್ರಹಿಸಿ, ಮಾರಿ ಹಣ ಕೂಡಿಸುತ್ತಾರೆ. ಬ್ರಿಟನ್ನಿನಲ್ಲಿ ತೆರಿಗೆದಾರರು 'ಗಿಫ್ಟ್ ಏಡ್' ಎಂಬ ತೆರಿಗೆ ಯೋಜನೆಯಡಿ ದತ್ತಿ ಸಂಸ್ಥೆಗೆ ಕೊಡುವ ಪ್ರತಿ ಪೌಂಡಿಗೆ ಸರ್ಕಾರದಿಂದ ಇನ್ನೂ 25 ಪೆನ್ಸ್ ಸೇರುತ್ತದೆ.

ಹಣ ಕರಗುವುದು ಮರಕ್ಕೆ, ಕುಶಲ ಕೈಗಳಿಗೆ. ವಾಡಿಕೆಯಂತೆ ಪಕ್ಕಗಳಿಗೆ ಓಕ್, ತಳಕ್ಕೆ ಎಲ್ಮ್. ಓಕ್ ಹಲಗೆಯನ್ನು ಉದ್ದನೆಯ ಪೆಟ್ಟಿಗೆಯಲ್ಲಿಟ್ಟು, ಅಂಗುಲ ದಪ್ಪಕ್ಕೆ ಸುಮಾರು ಒಂದು ಗಂಟೆಯಂತೆ ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮುನ್ನವೇ ಬಾಗಿಸಿ ಬಿಗಿಯಬೇಕು. ನೀರು ಒಳಗೆ ಬಾರದಂತೆ ಸಂದುಗಳಿಗೆ ನಾರು ತುರುಕಬೇಕು. ಹಳೆಯ ಕಸುಬುದಾರರು ಟಾರು, ಕುದುರೆ ಲದ್ದಿ, ಕೂದಲು ಕಲಸಿ ಕಾಯಿಸಿದ 'ಚಾಲಿಕೊ' ಕೂಡ ಬಳಿಯುತ್ತಿದ್ದರು, ಅದೆಂಥ ಜಾಣತನ!

ನನ್ನ ದೃಷ್ಟಿಯಲ್ಲಿ ನಿಜವಾದ ಕಷ್ಟ ಆಮೇಲಿನದು. ಮಳೆನೀರು ಇಂಗಿದಲ್ಲೆಲ್ಲ ಮರ ಕೊಳೆಯುತ್ತದೆ. ಹಾಗಾಗಿ ವರ್ಷವರ್ಷದ ನಿರ್ವಹಣೆಗೂ ಹಣ ಎತ್ತಿಡಿ, ದೋಣಿಗೊಂದು ಕೆಲಸವನ್ನೂ ಹುಡುಕಿ. ಹೇಝಲ್ ದುರಸ್ತಿಯಾದ ಮೇಲೆ ಮಾನಸಿಕ ಒತ್ತಡದಿಂದ ಬಳಲುವವರನ್ನು ವಿಹಾರಕ್ಕೆ ಕರೆದೊಯ್ಯುವ ದೋಣಿಯಾಯಿತು. ಇಂಥ ಉಪಯೋಗ ಕಣ್ಣಿಗೆ ಕಂಡರೆ ದಾನಿಗಳು ಮತ್ತೆ ಕೈ ನೀಡುತ್ತಾರೆ.