ವೆಲೋಡ್ರೋಮ್ (ಸೈಕಲ್ ರೇಸಿನ ಟ್ರ್ಯಾಕ್) ಇಲ್ಲದ ಬೆಂಗಳೂರಲ್ಲಿ ಟ್ರ್ಯಾಕ್ ಸೈಕ್ಲಿಂಗ್ ಸೀಸನ್‌ಗೆ ತಯಾರಿ ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ವೈಟ್‌ಫೀಲ್ಡ್‌ನಲ್ಲಿ ಕೆಲಸ, ಒಳ್ಳೆ ರೋಡ್ ಬೈಕ್ (ರಸ್ತೆಯಲ್ಲಿ ಓಡಿಸುವ ರೇಸಿಂಗ್ ಸೈಕಲ್) ಇದೆ, ಶನಿವಾರ ಭಾನುವಾರ ನಂದಿ ಬೆಟ್ಟ. ಕಳೆದ ಸೀಸನ್‌ನಲ್ಲಿ ಮೊದಲ ಸಲ ಟ್ರ್ಯಾಕ್ ರೇಸ್‌ಗೆ ಹೋಗಿ ಎಲ್ಲರಿಗಿಂತ ಹಿಂದೆ ಬಿದ್ದಿರಿ. ಮುಂದಿನ ಸೀಸನ್‌ಗೆ ಐದಾರು ತಿಂಗಳಿದೆ. ಊರಲ್ಲಿ ದಿನಾ ಹೋಗಿ ಓಡಿಸೋಕೆ ಟ್ರ್ಯಾಕ್ ಇಲ್ಲ, ಹಾಗಾಗಿ ನಂದಿ ಇನ್ನೂ ಜಾಸ್ತಿ ಹತ್ತಿದರೆ ಸಾಕಾ, ಕಾರ್ಬನ್ ಟ್ರ್ಯಾಕ್ ಬೈಕ್ ತಗೋಬೇಕಾ ಅಂತ.

ನಂದಿ ಸಾಕಾಗುವುದಿಲ್ಲ. ಕಾರ್ಬನ್ ಬೈಕ್ ಸದ್ಯಕ್ಕೆ ಬೇಡ, ಆ ದುಡ್ಡು ಬೇರೆ ಕಡೆ ಬೇಕಾಗುತ್ತದೆ, ಮುಂದೆ ಹೇಳುತ್ತೇನೆ.

ಮೊದಲು ಯಾವ ಈವೆಂಟ್ ಅಂತ ತೀರ್ಮಾನ ಮಾಡಿ. ಎಲ್ಲದಕ್ಕೂ ಹೆಸರು ಕೊಟ್ಟು ಬರುವವರನ್ನು ಪ್ರತಿ ವರ್ಷ ನೋಡುತ್ತೇನೆ, ಒಂದರಲ್ಲೂ ಗಟ್ಟಿಯಾಗಿರುವುದಿಲ್ಲ. ಟ್ರ್ಯಾಕ್‌ನಲ್ಲಿ ನಮ್ಮ ದೇಶದವರು ಹೆಸರು ಮಾಡಿರುವುದು ಸ್ಪ್ರಿಂಟ್ ಕಡೆ: 2018ರ ಜೂನಿಯರ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎಸೋ ಆಲ್ಬೆನ್‌ಗೆ ಕೀರಿನ್‌ನಲ್ಲಿ (ಮುಂದೆ ಹೋಗುವ ಮೋಟಾರ್ ಬೈಕಿನ ಹಿಂದೆ ವೇಗ ಏರಿಸಿ ಕೊನೆಗೆ ಸ್ಪ್ರಿಂಟ್ ಮಾಡುವ ಓಟ) ಬೆಳ್ಳಿ, 2019ರಲ್ಲಿ ಜೂನಿಯರ್ ಟೀಮ್ ಸ್ಪ್ರಿಂಟ್‌ನಲ್ಲಿ ಚಿನ್ನ, 2022ರಲ್ಲಿ ದೆಹಲಿಯ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ರೊನಾಲ್ಡೊ ಸಿಂಗ್‌ಗೆ ಸ್ಪ್ರಿಂಟ್ ಬೆಳ್ಳಿ. ಇದನ್ನೆಲ್ಲ ನೋಡಿ ನಾನೂ ಸ್ಪ್ರಿಂಟರ್ ಆಗುತ್ತೇನೆ ಅನ್ನಿಸುವುದು ಸಹಜ. ಆದರೆ ಆ ಹುಡುಗರು ದೆಹಲಿಯ ಇಂದಿರಾ ಗಾಂಧಿ ಸ್ಟೇಡಿಯಂನ 250 ಮೀಟರ್ ಮರದ ಟ್ರ್ಯಾಕ್ ಪಕ್ಕದಲ್ಲೇ ಇದ್ದು ಅದನ್ನೇ ಕೆಲಸ ಮಾಡಿಕೊಂಡವರು. ಬ್ಯಾಂಕಿಂಗ್, ಅಂದರೆ ಟ್ರ್ಯಾಕ್‌ನ ಓರೆಯಾಗಿ ಎದ್ದ ತಿರುವಿನ ಮೇಲಿಂದ ಇಳಿದು 200 ಮೀಟರ್ ಹೊಡೆಯುವುದನ್ನು ರಸ್ತೆಯಲ್ಲಿ ಕಲಿಯೋಕೆ ಆಗುವುದೇ ಇಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಇಂಡಿವಿಜುವಲ್ ಪರ್ಸ್ಯೂಟ್ (ಒಬ್ಬರೇ ಸಮಯದ ವಿರುದ್ಧ ಓಡಿಸುವುದು) ಆರಿಸಿಕೊಳ್ಳುತ್ತೇನೆ, ಜೊತೆಗೆ ಸ್ಕ್ರ್ಯಾಚ್ ರೇಸ್ (ಎಲ್ಲರೂ ಒಟ್ಟಿಗೆ ಹೊರಟು ಮೊದಲು ಗೆರೆ ದಾಟಿದವರು ಗೆಲ್ಲುವ ಓಟ). ಪರ್ಸ್ಯೂಟ್‌ಗೆ ಬೇಕಾದ ಮುಕ್ಕಾಲು ಪಾಲು ತಯಾರಿ ಬೆಂಗಳೂರಲ್ಲೇ ಆಗುತ್ತದೆ. ಇದ್ದ ಊರಲ್ಲಿ ಯಾವುದಕ್ಕೆ ತಯಾರಾಗಬಹುದೋ ಅದನ್ನೇ ಓಡಿಸಿ, ಅಷ್ಟೇ ನನ್ನ ವಾದ.

ಈಗ ಸ್ವಲ್ಪ ಲೆಕ್ಕ. ಪರ್ಸ್ಯೂಟ್ 4 ಕಿಲೋಮೀಟರ್, ಅಂದರೆ 250 ಮೀಟರ್ ಟ್ರ್ಯಾಕ್‌ನಲ್ಲಿ 16 ಸುತ್ತು, 333 ಮೀಟರ್‌ನದಾದರೆ 12. ಗಂಟೆಗೆ 45 ಕಿ.ಮೀ ವೇಗ ಹಿಡಿದರೆ ದೆಹಲಿಯಲ್ಲಿ ಒಂದು ಸುತ್ತಿಗೆ 20 ಸೆಕೆಂಡ್. ಮುಂದೆ 50 ಹಲ್ಲಿನ ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲು ಚಕ್ರ), ಹಿಂದೆ 15 ಹಲ್ಲಿನದು ಹಾಕಿದರೆ ಪೆಡಲ್ ಒಂದು ಸುತ್ತಿಗೆ ಸುಮಾರು 7 ಮೀಟರ್ ಹೋಗುತ್ತೀರಿ, ಆ ವೇಗಕ್ಕೆ ಕ್ಯಾಡೆನ್ಸ್ (ನಿಮಿಷಕ್ಕೆ ಪೆಡಲ್ ಎಷ್ಟು ಸುತ್ತು ಅನ್ನುವ ಲೆಕ್ಕ) 107 ಬೇಕು. 48ಕ್ಕೆ 16 ಆದರೆ 6.3 ಮೀಟರ್, ಕ್ಯಾಡೆನ್ಸ್ 120ರ ಹತ್ತಿರ. ಟ್ರ್ಯಾಕ್ ಬೈಕ್ ಫಿಕ್ಸೆಡ್ ಗೇರ್, ಚಕ್ರ ತಿರುಗಿದಷ್ಟೂ ಪೆಡಲ್ ತಿರುಗುತ್ತದೆ, ಆದ್ದರಿಂದ ಕಾಲು ನಿಲ್ಲಿಸುವ ಮಾತೇ ಇಲ್ಲ, ಸುಸ್ತಾಯಿತು ಅಂತ ಗೇರ್ ಇಳಿಸೋಕೂ ಇಲ್ಲ. ಈಗ ಹೇಳಿ, ನಂದಿ ಹತ್ತುವಾಗ ನಿಮ್ಮ ಕ್ಯಾಡೆನ್ಸ್ ಎಷ್ಟಿರುತ್ತದೆ? ಅರವತ್ತೋ ಎಪ್ಪತ್ತೋ ಅಲ್ವಾ? ದಮ್ಮು ಬೆಳೆಯುತ್ತದೆ, ನಿಜ. ಆದರೆ ಕಾಲಿಗೆ ಅಭ್ಯಾಸ ಆಗುವುದು ನಿಧಾನವಾಗಿ ಒತ್ತುವುದು. ಟ್ರ್ಯಾಕ್‌ನಲ್ಲಿ ನೀವು ಹಿಂದೆ ಬಿದ್ದಿದ್ದು ದಮ್ಮಿಲ್ಲದೆ ಅಲ್ಲ, ಇದಕ್ಕೇ ಇರಬೇಕು ಅಂತ ನನ್ನ ಅನುಮಾನ.

ಹಾಗಾಗಿ ನಂದಿಯನ್ನು ಮೊದಲ ಎರಡು ತಿಂಗಳಿಗೆ ಇಟ್ಟುಕೊಳ್ಳಿ, ಆಮೇಲೆ ಬಿಡಿ. ಗೆಳೆಯರ ಗುಂಪು ಕರೆಯುತ್ತದೆ, ಬೆಟ್ಟದ ಮೇಲೆ ಫೋಟೋ, ಇಳಿದ ಮೇಲೆ ಇಡ್ಲಿ ವಡೆ, ಎಲ್ಲ ಗೊತ್ತು. ಆದರೂ ಬಿಡಿ. ಅದರ ಬದಲು ವಾರಕ್ಕೆ ಎರಡು ದಿನ ರೋಲರ್. ಹಿಂದಿನ ಚಕ್ರವನ್ನು ಬಿಗಿದು ನಿಲ್ಲಿಸುವ ಟರ್ಬೋ ಟ್ರೈನರ್ ಅಲ್ಲ, ಮೂರು ಉರುಳೆಯ ರೋಲರ್, ಅದರ ಮೇಲೆ ನೀವೇ ಬ್ಯಾಲೆನ್ಸ್ ಮಾಡಬೇಕು. ಮೊದಮೊದಲು ಗೋಡೆ ಪಕ್ಕ ಇಟ್ಟುಕೊಂಡು, ಒಂದು ಕೈ ಗೋಡೆಗೆ. ಹಗುರ ಗೇರ್‌ನಲ್ಲಿ ಒಂದು ನಿಮಿಷ ಕ್ಯಾಡೆನ್ಸ್ 110, ಒಂದು ನಿಮಿಷ 120, ಒಂದು ನಿಮಿಷ 130, ಆಮೇಲೆ ಆರಾಮ. ಸೀಟಿನ ಮೇಲೆ ಸೊಂಟ ಕುಣಿಯಲು ಶುರುವಾಯಿತೆಂದರೆ ಅಲ್ಲಿಗೆ ನಿಮ್ಮ ಮಿತಿ ಬಂತು ಅಂತ, ಅದಕ್ಕಿಂತ ಸ್ವಲ್ಪ ಕಡಿಮೆ ಕ್ಯಾಡೆನ್ಸ್‌ನಲ್ಲಿ ಅಭ್ಯಾಸ ಮಾಡಿ. ಕುಣಿತ ನಿಂತ ಮೇಲೆ ಇನ್ನೊಂದು ಹತ್ತು ಏರಿಸಿ. ಮೇ ತಿಂಗಳ ಸಂಜೆ ಮಳೆ ಹಿಡಿದುಕೊಂಡಾಗ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಇದನ್ನು ಮಾಡಬಹುದು, ಸೆಕ್ಯೂರಿಟಿಯವರು ಎರಡು ದಿನ ವಿಚಿತ್ರವಾಗಿ ನೋಡುತ್ತಾರೆ, ಆಮೇಲೆ ಅವರೇ ಫ್ಯಾನ್ ತಂದುಕೊಡುತ್ತಾರೆ.

ರಸ್ತೆಗೆ ಹೋಗುವುದಾದರೆ ಬೂದಿಗೆರೆ ಕಡೆ, ಬೆಳಿಗ್ಗೆ ಲಾರಿ ಶುರುವಾಗುವ ಮೊದಲು. ನಾಲ್ಕು ನಿಮಿಷ ಗಟ್ಟಿಯಾಗಿ, ನಾಲ್ಕೈದು ನಿಮಿಷ ಸುಮ್ನೆ ತಿರುಗಿಸುತ್ತಾ, ಹೀಗೆ ನಾಲ್ಕು ಸಲ. ಕ್ಯಾಡೆನ್ಸ್ ನೂರಕ್ಕಿಂತ ಕೆಳಗೆ ಬಿಡಬೇಡಿ, ಕೈ ಹ್ಯಾಂಡಲ್‌ನ ಡ್ರಾಪ್‌ನಲ್ಲೇ (ಕೆಳಗೆ ಬಾಗಿದ ಭಾಗ) ಇರಲಿ. ರೇಸ್ ದಿನ ಬಗ್ಗಿ ಕೂರಬೇಕಾದ ಭಂಗಿಯಲ್ಲಿ ಬೆನ್ನು ಐದು ನಿಮಿಷ ತಡೆಯಬೇಕು, ಅದಕ್ಕೆ ಈಗಿನಿಂದಲೇ ರೂಢಿ ಬೇಕು.

ಇದನ್ನೆಲ್ಲ ರೋಡ್ ಬೈಕ್‌ನಲ್ಲಿ ಮಾಡಿ. ಬ್ರೇಕ್ ಇಲ್ಲದ ಟ್ರ್ಯಾಕ್ ಬೈಕನ್ನು ಬೆಂಗಳೂರು ರಸ್ತೆಗೆ ತರಬೇಡಿ, ದಯವಿಟ್ಟು. ಬಣ್ಣ ಬಳಿಯದ ಹಂಪ್ ಒಂದು ಎದುರಾದರೆ ಸಾಕು, ಹಂಪ್ ಮೇಲೂ ಪೆಡಲ್ ತಿರುಗುತ್ತಲೇ ಇರುತ್ತದೆ, ತಿರುವಿನಲ್ಲಿ ಪೆಡಲ್ ನೆಲಕ್ಕೆ ತಾಗುತ್ತದೆ. ಕಬ್ಬನ್ ಪಾರ್ಕ್‌ನಲ್ಲಿ ಸ್ಟೈಲ್‌ಗೆ ಓಡಿಸುವವರಿದ್ದಾರೆ, ಅವರ ಮಾತು ಬೇರೆ.

ಜಿಮ್ ವಾರಕ್ಕೆ ಎರಡು ಸಲ. ಸ್ಕ್ವಾಟ್, ಡೆಡ್‌ಲಿಫ್ಟ್, ಹೊಟ್ಟೆ ಮತ್ತು ಬೆನ್ನಿನ ವ್ಯಾಯಾಮ, ಅಷ್ಟೇ. ತೂಕ ಎತ್ತಿ ಅಭ್ಯಾಸವಿಲ್ಲದಿದ್ದರೆ ಹೇಳಿಕೊಡುವವರ ಎದುರಲ್ಲೇ ಮಾಡಿ. ರೇಸ್‌ಗೆ ಮೂರು ವಾರ ಇರುವಾಗ ಭಾರ ಎತ್ತುವುದನ್ನು ಕಡಿಮೆ ಮಾಡಿ. ಇದರ ಬಗ್ಗೆ ಇಂಟರ್ನೆಟ್‌ನಲ್ಲಿ ಬೇಕಾದಷ್ಟಿದೆ, ಇಲ್ಲಿ ಬೆಳೆಸುವುದಿಲ್ಲ.

ಇನ್ನು ಬೈಕ್. ಅಲ್ಯೂಮಿನಿಯಂ ಫ್ರೇಮ್‌ನ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ ಬೈಕ್ ಸಿಕ್ಕರೆ ತಗೊಳ್ಳಿ, ಇಲ್ಲದಿದ್ದರೆ ಯಾರದ್ದಾದರೂ ಕೇಳಿ ಪಡೆಯಿರಿ. ಅದು ನಿಮ್ಮ ಅಳತೆಯದ್ದೇ ಆಗಿರಬೇಕು, ನಿಮ್ಮ ರೋಡ್ ಬೈಕ್‌ನ ಸೀಟಿನ ಎತ್ತರ ಅಳೆದು ಬರೆದಿಟ್ಟುಕೊಳ್ಳಿ. ಎಲ್ಲಕ್ಕಿಂತ ಮುಖ್ಯ ಚೈನ್ ಬಿಗಿ. ಹಿಂದಿನ ಚಕ್ರವನ್ನು ಹಿಂದಕ್ಕೆ ಎಳೆದು, 15 ನಂಬರ್ ಸ್ಪ್ಯಾನರ್‌ನಲ್ಲಿ ಎರಡೂ ಕಡೆ ನಟ್ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಒಂದೇ ಕಡೆ ಪೂರ್ತಿ ಬಿಗಿ ಮಾಡಿದರೆ ಚಕ್ರ ಓರೆಯಾಗುತ್ತದೆ. ಆಮೇಲೆ ಪೆಡಲನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸುತ್ತಾ ಚೈನಿನ ಮಧ್ಯಭಾಗವನ್ನು ಬೆರಳಲ್ಲಿ ಒತ್ತಿ ನೋಡಿ. ಒಂದು ಜಾಗದಲ್ಲಿ ಸಡಿಲ, ಇನ್ನೊಂದು ಜಾಗದಲ್ಲಿ ಬಿಗಿ ಇರುತ್ತದೆ, ಏಕೆಂದರೆ ಚೈನ್‌ರಿಂಗ್ ಪೂರ್ತಿ ಗುಂಡಗೆ ಕೂತಿರುವುದಿಲ್ಲ. ಅತಿ ಬಿಗಿಯಾದ ಜಾಗದಲ್ಲೂ ಸ್ವಲ್ಪ ಆಡಬೇಕು, ಅತಿ ಸಡಿಲವಾದಲ್ಲಿ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ಆಡಬಾರದು. ಫಿಕ್ಸೆಡ್ ಗೇರ್‌ನಲ್ಲಿ ಚೈನ್ ಬಿದ್ದರೆ ಹಿಂದಿನ ಚಕ್ರವೇ ಲಾಕ್ ಆಗಬಹುದು. ಹಿಂದಿನ ಹಲ್ಲು ಚಕ್ರ ಕಳಚದಂತೆ ಹಿಡಿಯುವ ಲಾಕ್‌ರಿಂಗ್ ಉಲ್ಟಾ ಥ್ರೆಡ್, ಅದನ್ನು ಮರೆತು ಬಿಗಿ ಮಾಡುತ್ತಿದ್ದೇನೆ ಅಂದುಕೊಂಡು ಸಡಿಲ ಮಾಡುವವರು ಬೇಕಾದಷ್ಟು ಜನ.

ಬೈಕಿಗೆ ಇಟ್ಟ ದುಡ್ಡು ಎಲ್ಲಿಗೆ ಅಂದೆನಲ್ಲ: ಟ್ರ್ಯಾಕ್ ಇರುವ ಊರಿಗೆ. ರೇಸ್‌ಗೆ ಒಂದು ತಿಂಗಳಿರುವಾಗ ಒಂದು ವಾರ ರಜೆ ಹಾಕಿ ತಿರುವನಂತಪುರಕ್ಕೋ ಹೈದರಾಬಾದ್‌ಗೋ ಹೋಗಿ. ತಿರುವನಂತಪುರದಲ್ಲಿ ಕಾರ್ಯವಟ್ಟಂನ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಕಾಂಕ್ರೀಟ್ ವೆಲೋಡ್ರೋಮ್ ಇದೆ, ಹೈದರಾಬಾದ್‌ನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ್ದು. ಹೊರಡುವ ಮೊದಲು ಫೋನ್ ಮಾಡಿ ಅನುಮತಿ ಪಕ್ಕಾ ಮಾಡಿಕೊಳ್ಳಿ, ಹೋದ ಮೇಲೆ ಗೇಟ್ ಬೀಗ ನೋಡಿಕೊಂಡು ವಾಪಸ್ ಬರುವ ಹಾಗಾಗಬಾರದು. ಅಲ್ಲಿ ಮೊದಲ ದಿನ ವೇಗದ ಯೋಚನೆ ಬೇಡ. ಬ್ಯಾಂಕಿಂಗ್‌ನಲ್ಲಿ ವೇಗ ಇಳಿಸಿದರೆ ಜಾರುತ್ತೀರಿ, ಹಾಗಾಗಿ ಹೆದರಿದಾಗ ಪೆಡಲ್ ನಿಧಾನ ಮಾಡುವ ಬುದ್ಧಿಯನ್ನು ಮೊದಲು ಬಿಡಬೇಕು. ಉಳಿದ ದಿನಗಳಲ್ಲಿ ಒಳಗಿನ ಕಪ್ಪು ಗೆರೆ ಹಿಡಿಯುವುದನ್ನು ಕಲಿಯಿರಿ. ಟ್ರ್ಯಾಕ್ ಉದ್ದ ಅಳೆಯುವುದೇ ಆ ಗೆರೆ ಮೇಲೆ, ಅದರಿಂದ ಅರ್ಧ ಮೀಟರ್ ಆಚೆ ಓಡಿಸಿದರೆ ಪ್ರತಿ ಸುತ್ತಿಗೂ ಮೂರು ಮೀಟರ್ ಜಾಸ್ತಿ. 16 ಸುತ್ತಿಗೆ ಎಷ್ಟಾಯಿತು ನೋಡಿ! ಇಷ್ಟು ದೂರ ಉಳಿಸೋಕೆ ಬೇರೆ ಯಾವ ಬೈಕೂ ಬೇಡ.

ಅಲ್ಲೇ ಸುತ್ತಿನ ಸಮಯದ ಲೆಕ್ಕವೂ ಕೂರಬೇಕು. ಯಾರಾದರೂ ಒಬ್ಬರು ಸ್ಟಾಪ್‌ವಾಚ್ ಹಿಡಿದು ಪ್ರತಿ ಸುತ್ತಿಗೂ ಕೂಗಲಿ. ಹೊಸಬರೆಲ್ಲ ಮೊದಲ ಕಿಲೋಮೀಟರ್‌ನಲ್ಲಿ ಹಾರುತ್ತಾರೆ, ಮೂರನೆಯದರಲ್ಲಿ ಕಣ್ಣು ಕತ್ತಲೆ ಬರುತ್ತದೆ. ಇನ್ನೊಂದು ವಿಷಯ: ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ಗಾಳಿ ತೆಳು. ತಿರುವನಂತಪುರದಲ್ಲಿ ಅದೇ ಶಕ್ತಿ ಹಾಕಿದರೂ ವೇಗ ಸ್ವಲ್ಪ ಕಡಿಮೆ ಬರುತ್ತದೆ. ಫಾರ್ಮ್ ಹೋಯಿತು ಅಂತ ಗಾಬರಿಯಾಗಿ ಕೊನೆ ಗಳಿಗೆಯಲ್ಲಿ ಇನ್ನೂ ಜಾಸ್ತಿ ಓಡಿಸಬೇಡಿ. ಕೊನೆಯ ಎಂಟು ಹತ್ತು ದಿನ ಓಡಿಸುವ ಸಮಯ ಅರ್ಧಕ್ಕೆ ಇಳಿಸಿ, ಚಿಕ್ಕ ಚಿಕ್ಕ ಗಟ್ಟಿ ಓಟ ಮಾತ್ರ ಉಳಿಸಿಕೊಳ್ಳಿ.

ಮತ್ತೆ ಲೈಸೆನ್ಸ್. ಸೈಕ್ಲಿಂಗ್ ಫೆಡರೇಶನ್ ಆಫ್ ಇಂಡಿಯಾದ ಲೈಸೆನ್ಸ್ ಮತ್ತು ರಾಜ್ಯ ಸಂಸ್ಥೆಯ ಆಯ್ಕೆಯ ವಿಷಯ ಈಗಲೇ ವಿಚಾರಿಸಿ, ಆಯ್ಕೆ ಎಲ್ಲಿ ಯಾವಾಗ ಅನ್ನುವುದು ಕೆಲವೊಮ್ಮೆ ತಡವಾಗಿ ತಿಳಿಯುತ್ತದೆ. ಸೈಕ್ಲಿಂಗ್‌ಗೆ ಹೆಸರಾದ ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ಅಲ್ಲಿಗೆ ಬಂದೇ ಬರುತ್ತಾರೆ, ಚಿಕ್ಕವರು ಅಂತ ಹಗುರವಾಗಿ ತಗೋಬೇಡಿ. ಅವರ ಪಕ್ಕ ನಿಂತು ವಾರ್ಮ್ ಅಪ್ ಹೇಗೆ ಮಾಡುತ್ತಾರೆ, ಯಾವ ಗೇರ್ ಹಾಕಿದ್ದಾರೆ ಅಂತ ಕೇಳಿ. ಕೇಳಿದರೆ ಹೇಳುತ್ತಾರೆ. ನಿಮ್ಮ ಕಳೆದ ಸಲದ ಸುತ್ತಿನ ಸಮಯ ಇದ್ದರೆ ಇಲ್ಲೇ ಹಾಕಿ, ಗೇರ್ ಯಾವುದು ಹಿಡಿಯುತ್ತದೆ ನೋಡೋಣ.