ಕಾಸರಗೋಡಿನ ಕನ್ನಡ ಮಾಧ್ಯಮದವರು ವಾಕ್ ಚಿಕಿತ್ಸಕರಾಗಲು ಎಂ.ಎಸ್ಸಿ. ಮಾಡಲೇಬೇಕೇ?

ಮಾಡಲೇಬೇಕೆಂದಿಲ್ಲ. ಬಿ.ಎ.ಎಸ್.ಎಲ್.ಪಿ. ಎಂಬ, ಶ್ರವಣ ಮತ್ತು ವಾಕ್-ಭಾಷಾ ಚಿಕಿತ್ಸೆ ಕಲಿಸುವ ನಾಲ್ಕು ವರ್ಷದ ಪದವಿ (ಕೊನೆಯ ವರ್ಷ ಇಂಟರ್ನ್‌ಶಿಪ್) ಮುಗಿಸಿ, ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿಸಿಕೊಂಡರೆ ವೃತ್ತಿ ಆರಂಭಿಸಬಹುದು. ಆದರೆ ಕಾಲೇಜಿನಲ್ಲಿ ಪಾಠ ಹೇಳುವ, ಸಂಶೋಧನೆಗೆ ಇಳಿಯುವ ಮನಸ್ಸಿದ್ದರೆ ಎರಡು ವರ್ಷದ ಎಂ.ಎಸ್ಸಿ. ಬೇಕು. ಪದವಿಯಲ್ಲಿ ವಾಕ್ ಮತ್ತು ಶ್ರವಣ ಜೊತೆಜೊತೆಗೇ ಸಾಗುತ್ತವೆ. ಸ್ನಾತಕೋತ್ತರದಲ್ಲಿ ಸಾಮಾನ್ಯವಾಗಿ ದಾರಿ ಕವಲೊಡೆಯುತ್ತದೆ. ಪಾರ್ಶ್ವವಾಯುವಿನ ನಂತರ ಮಾತು ಕಳೆದುಕೊಂಡವರು, ತೊದಲುವವರು, ನುಂಗಲು ಕಷ್ಟಪಡುವವರು, ಇವರೆಲ್ಲರ ಚಿಕಿತ್ಸೆಯನ್ನು ಆಳವಾಗಿ ಕಲಿಯುವುದು ಅಲ್ಲಿ.

ನಮ್ಮವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ (ಸ್ಥಾಪನೆ 1965) ಮೊದಲ ಆಯ್ಕೆಯಾಗಲಿ ಎನ್ನುತ್ತೇನೆ. ತಿರುವನಂತಪುರದ ನಿಶ್ (ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆ) ಕೂಡ ಒಳ್ಳೆಯದೇ. ಮಂಗಳೂರಿನಲ್ಲೂ ಕಾಲೇಜುಗಳಿವೆ, ಆದರೆ ದಿನವೂ ರೈಲಿನಲ್ಲಿ ಹೋಗಿಬರುವ ಲೆಕ್ಕಾಚಾರ ಬೇಡ. ಕ್ಲಿನಿಕ್ ಕೆಲಸ, ವರದಿ ಬರೆಯುವುದು ಎಲ್ಲ ಸೇರಿ ಹೈರಾಣಾಗುತ್ತೀರಿ. ಪಾಠ, ಪರೀಕ್ಷೆ ಇಂಗ್ಲಿಷಿನಲ್ಲೇ. ಕನ್ನಡ ಮಾಧ್ಯಮದವರು ಮೊದಲ ಕೆಲವು ತಿಂಗಳು ತಿಣುಕುವುದು ಸಹಜ.

ರೋಗಿಯ ಎದುರು ಕುಳಿತಾಗ ಮಾತ್ರ ಲೆಕ್ಕ ನಿಮ್ಮ ಕಡೆಗೆ ತಿರುಗುತ್ತದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ ಆಡುವ ಮಂಜೇಶ್ವರದ ಮಗುವನ್ನು ಒಂದೇ ಭಾಷೆಯಲ್ಲಿ ಪರೀಕ್ಷಿಸಿದರೆ ಇಲ್ಲದ ದೋಷ ಕಂಡೀತು. ಹಲವು ಭಾಷೆ ಕೇಳಿದ್ದರಿಂದಲೇ ಮಾತು ತಡವಾಯಿತು ಎಂಬ ಮಾತಿಗೂ ಆಧಾರವಿಲ್ಲ. ಬ್ಯಾರಿ, ಕೊಂಕಣಿಯೂ ಕಿವಿಗೆ ಬಿದ್ದು ಬೆಳೆದ ನಿಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.