ಕ್ವಿನೋವಾ ಬಿಡಿ, ನುಚ್ಚಿಗೆ ಬನ್ನಿ

ನಮಸ್ಕಾರ ಮೇಡಂ,

ಮನೆಯಲ್ಲೇ ಮಾಡುವ ‘ಒಂದೇ ಬಟ್ಟಲಿನ ಊಟ’ದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಅಚ್ಚಿಗೆ ಹಾಕಲು ಆಗುವುದಿಲ್ಲ. ತಿದ್ದಿ ಕಳಿಸಿ ಅಂತಲೇ ಈ ಪತ್ರ.

ನೀವು ಸಿಂಧನೂರಿನವರು. ಸುತ್ತ ಸೋನಾಮಸೂರಿ ಗದ್ದೆ, ಮನೆಯಲ್ಲಿ ಜೋಳ. ಮೊದಲ ಎರಡು ಪುಟದಲ್ಲಿ ನೋಡಿದರೆ ಕ್ವಿನೋವಾ, ಅವಕಾಡೊ, ಆಲಿವ್ ಎಣ್ಣೆ. ಅವನ್ನು ತಿನ್ನಬಾರದು ಅಂತಲ್ಲ. ನೀವು ಮಾಡಿ ತಿಂದ ಹಾಗೆ ಕಾಣಲಿಲ್ಲ, ಅಷ್ಟೇ. ಎಲ್ಲವೂ ‘ಸೂಪರ್’, ಎಲ್ಲವೂ ‘ಹೆಲ್ದಿ’. ಯಾವುದು ಮೆತ್ತಗಾಯಿತು, ಯಾವುದು ಸಪ್ಪೆ ಅನ್ನಿಸಿತು, ಒಂದು ಮಾತೂ ಇಲ್ಲ.

ಮೂರನೇ ಪುಟಕ್ಕೆ ಬಂದಾಗ ಎದ್ದು ಕೂತೆ. ರಾತ್ರಿ ಉಳಿದ ಜೋಳದ ನುಚ್ಚಿಗೆ ಮೊಸರು ಕಲಸಿ, ಪಕ್ಕಕ್ಕೆ ಪುಂಡಿಪಲ್ಯ, ಮೇಲೆ ಹಸಿ ಸವತೆಕಾಯಿ, ಗುರೆಳ್ಳು ಪುಡಿ, ಕೊನೆಗೆ ಬಂಡಿಯಿಂದ ತಂದ ಮಿರ್ಚಿ ಬಜ್ಜಿಯನ್ನು ಮುರಿದು ಹಾಕಿದ್ದೀರಲ್ಲ, ಅದು! ನುಚ್ಚು ಮಜ್ಜಿಗೆ ನಮಗ್ಯಾರಿಗೂ ಹೊಸದಲ್ಲ. ಅದರೊಳಗೆ ಮಿರ್ಚಿ ಬಿದ್ದಿದ್ದು ಹೊಸದು. ಇದನ್ನು ನಾಲ್ಕೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಇಡೀ ಲೇಖನ ಇದೇ ಆಗಬೇಕಿತ್ತು.

ಇನ್ನು ಅಳತೆ. ಎಲ್ಲ ಕಡೆ ‘ಬೇಕಾದಷ್ಟು’. ಒಂದು ಲೋಟ ನುಚ್ಚಿಗೆ ನೀರು ಮೂರು ಲೋಟವೋ, ನಾಲ್ಕೋ? ಮೊಸರು ಕಲಸೋಕೆ ನುಚ್ಚು ಗಟ್ಟಿ ಇರಬೇಕಾ, ಗಂಜಿ ಹಾಗಾ? ಉಪ್ಪನ್ನು ಓದುಗರಿಗೆ ಬಿಡಿ. ನೀರನ್ನು ಬಿಡಬೇಡಿ.

ಪುಂಡಿ ಸೊಪ್ಪು, ತೊಗರಿಬೇಳೆ ಒಟ್ಟಿಗೇ ಬೇಯಲು ಇಡಿ ಅಂದಿದ್ದೀರಿ. ಪುಂಡಿ ಹುಳಿ ಅಲ್ವಾ? ಹುಳಿ ಬಿದ್ದರೆ ಬೇಳೆ ಬೇಯಲು ಸತಾಯಿಸುತ್ತದೆ. ಬೇಳೆ ಮೆತ್ತಗಾದ ಮೇಲೆ ಸೊಪ್ಪು ಹಾಕಲಿ. ಸುಮ್ನೆ ಗ್ಯಾಸ್ ಸುಟ್ಟ ಓದುಗರು ನಿಮಗಲ್ಲ, ನಮಗೆ ಫೋನ್ ಮಾಡುತ್ತಾರೆ.

ಮಂಡಕ್ಕಿ ಒಗ್ಗರಣೆಗೆ ಬೇಯಿಸಿದ ಮಡಕಿ ಕಾಳು ಸೇರಿಸಿದ್ದು ಒಳ್ಳೆ ಯೋಚನೆ. ಆದರೆ ‘ಮಂಡಕ್ಕಿ ಹತ್ತು ನಿಮಿಷ ನೆನೆಸಿ’ ಅಂತ ಅಚ್ಚಾದರೆ ಬಳ್ಳಾರಿಯಲ್ಲಿ ನಾನು ತಲೆ ಎತ್ತಿ ಓಡಾಡುವ ಹಾಗಿಲ್ಲ. ನೀರಿಗೆ ಹಾಕಿ, ನೆಂದ ತಕ್ಷಣ ಹಿಂಡಿ ತೆಗೆಯಬೇಕು. ಪುಟಾಣಿ (ಹುರಿಗಡಲೆ) ಪುಡಿ ಒಲೆ ಆರಿಸಿದ ಮೇಲೆ. ಉಳಿದ ತೇವವನ್ನು ಅದೇ ಎಳೆದುಕೊಳ್ಳುತ್ತದೆ.

‘ಧೈರ್ಯವಾಗಿ ಪ್ರಯೋಗ ಮಾಡಿ’ ಅಂತ ಮತ್ತೆ ಮತ್ತೆ ಬರೆದಿದ್ದೀರಿ. ಏನನ್ನು ಬದಲಿಸಬಹುದು ಅಂತ ತಿಳಿದರೆ ಧೈರ್ಯ ತಾನಾಗೇ ಬರುತ್ತದೆ. ಸವತೆ ಇಲ್ಲದಿದ್ದರೆ ಮೂಲಂಗಿ ನಡೆಯುತ್ತದಾ? ಗುರೆಳ್ಳಿನ ಬದಲು ಶೇಂಗಾ ಹಿಂಡಿ (ಚಟ್ನಿಪುಡಿ)? ಪುಂಡಿಯ ಹುಳಿ ಜಾಸ್ತಿಯಾದರೆ ಮೊಸರು ಕಡಿಮೆ ಮಾಡಬೇಕಾ? ನೀವು ಮಾಡಿ ನೋಡಿದ್ದನ್ನು ಬರೆಯಿರಿ. ಕೆಟ್ಟಿದ್ದರೆ ಅದನ್ನೂ.

‘ಇಂದಿನ ಧಾವಂತದ ಬದುಕಿನಲ್ಲಿ’ ಅನ್ನುವ ಮೊದಲ ಸಾಲು ತೆಗೆಯಿರಿ. ನಮಗೆ ಬರುವ ಅರ್ಧ ಲೇಖನಗಳು ಹಾಗೇ ಶುರುವಾಗುತ್ತವೆ. 500 ಪದ ಸಾಕು. ಮಿರ್ಚಿ ಆ ಮೊಸರು ನುಚ್ಚಿನಲ್ಲಿ ಎಷ್ಟು ಹೊತ್ತು ಗರಿಗರಿ ಇರುತ್ತದೆ ಅನ್ನೋದನ್ನು ಮಾತ್ರ ಮರೀಬೇಡಿ. ಅದು ನನಗೂ ಬೇಕು.